ಛತ್ತು ಸೋರಿದಾಗ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಅಂಕಣಕ್ಕೆ ಬರುವ ಪತ್ರಗಳಿಗೂ ಮಳೆ ನಕ್ಷತ್ರಗಳಿಗೂ ನಂಟಿದೆ. ಪುನರ್ವಸು, ಪುಷ್ಯ ಮಳೆಗಳು ಹಿಡಿದು ಕೂತಾಗ ಬೆಳಗಾವಿ, ಖಾನಾಪುರದ ಕಡೆಯ ಪತ್ರಗಳು ಬರುತ್ತವೆ. ವಿಜಯಪುರ, ಬಾಗಲಕೋಟೆಯ ಕಡೆ ಮಳೆ ಜೋರಾಗುವುದೇ ಉತ್ತರಿ, ಹಸ್ತದ ಹೊತ್ತಿಗಾದ್ದರಿಂದ ಅಲ್ಲಿಯವರ ಪತ್ರಗಳು ಸೆಪ್ಟೆಂಬರಿನಲ್ಲಿ ಬರುತ್ತವೆ. ಈ ಸಲ ಆರಿಸಿಕೊಂಡ ಐದು ಪ್ರಶ್ನೆಗಳೂ ಛತ್ತಿಗೆ ಸಂಬಂಧಿಸಿದವು.

ಪ್ರಶ್ನೆ: ನಮ್ಮ ಮನೆ ಕಟ್ಟಿ ಮೂವತ್ತು ವರ್ಷಗಳಾಗಿವೆ. ಮೂರು ವರ್ಷಗಳ ಹಿಂದೆ ಪಡಸಾಲೆಯ ಛತ್ತಿನಲ್ಲಿ ಊಟದ ತಟ್ಟೆಯಷ್ಟು ಕಂದು ಕಲೆ ಕಾಣಿಸಿತು. ಪ್ರತಿ ದೀಪಾವಳಿಗೆ ಪುಟ್ಟಿ ಹಚ್ಚಿಸಿ ಬಣ್ಣ ಹೊಡೆಸುತ್ತಿದ್ದೆವು. ಈ ಜುಲೈನಲ್ಲಿ ಒಂದು ರಾತ್ರಿ ಪ್ಲಾಸ್ಟರ್ ಸಮೇತ ಕಾಂಕ್ರೀಟಿನ ಹಲ್ಲೆಯೇ ಕಳಚಿ ಬಿದ್ದು, ಒಳಗಿನ ತುಕ್ಕು ಹಿಡಿದ ಕಬ್ಬಿಣದ ಸಳಿಗಳು ಕಾಣುತ್ತಿವೆ. ಗೌಂಡಿ ಎರಡೇ ದಿನದಲ್ಲಿ ಸಿಮೆಂಟಿನಿಂದ ಮುಚ್ಚಿಕೊಡುತ್ತೇನೆ ಎನ್ನುತ್ತಾನೆ. ಮುಚ್ಚಿಸಬಹುದೇ?
ಓದುಗರೊಬ್ಬರು, ಟಿಳಕವಾಡಿ, ಬೆಳಗಾವಿ

ಉತ್ತರ: ಈಗಲೇ ಮುಚ್ಚಿಸಬೇಡಿ. ಮೂರು ವರ್ಷ ಕೆಳಗಿನಿಂದ ಏನೇನು ಹಚ್ಚಿಸಿದಿರಿ ಎಂಬುದು ನಿಮ್ಮ ಪತ್ರದಲ್ಲಿ ವಿವರವಾಗಿದೆ. ಮಾಳಿಗೆಯ ಮೇಲೆ ಏನು ಮಾಡಿಸಿದಿರಿ ಎಂಬುದರ ಬಗ್ಗೆ ಒಂದು ಸಾಲೂ ಇಲ್ಲ. ಕೆಳಗೆ ಕಾಣುವುದು ನೀರು ಹೊರಬಿದ್ದ ಜಾಗ ಮಾತ್ರ, ಒಳಹೊಕ್ಕ ಜಾಗ ಬೇರೆ ಎಲ್ಲಿಯೋ ಇರುತ್ತದೆ. ಆ ದಾರಿಯನ್ನು ಮುಚ್ಚಿ, ಛತ್ತನ್ನು ಒಣಗಲು ಬಿಟ್ಟು, ಆಮೇಲೆ ಕೆಳಗಿನ ಕೆಲಸಕ್ಕೆ ಕೈಹಚ್ಚಬೇಕು. ಈ ಕ್ರಮ ತಪ್ಪಿದರೆ ಎಷ್ಟು ಒಳ್ಳೆಯ ಸಿಮೆಂಟ್ ತಂದರೂ ಮುಂದಿನ ಮಳೆಗಾಲಕ್ಕೆ ಅದೇ ಹಲ್ಲೆ ಮತ್ತೆ ಕೆಳಗಿರುತ್ತದೆ. ನಾನೇ ನನ್ನ ಮನೆಯಲ್ಲಿ ಅವಸರಪಟ್ಟು ಹಸಿಯ ಮೇಲೆ ಎರಡು ಕೋಟು ಪುಟ್ಟಿ ಹಚ್ಚಿಸಿ, ಮರುವರ್ಷದ ಶ್ರಾವಣದಲ್ಲಿ ಅದನ್ನು ಪೊರಕೆಯಿಂದ ಗುಡಿಸಿದವನು.

ಆದರೆ ಕೆಲವನ್ನು ಇಂದೇ ಮಾಡಿ. ಆ ಭಾಗದ ಕೆಳಗೆ ಯಾರೂ ಮಲಗುವುದು, ಕೂರುವುದು ಬೇಡ. ಫ್ಯಾನಿನ ಕೊಕ್ಕೆ ಕಲೆಯ ವಿಸ್ತಾರದೊಳಗೇ ಇದ್ದರೆ ಫ್ಯಾನನ್ನು ಇಳಿಸಿಬಿಡಿ. ಕೊಕ್ಕೆಯೂ ಸಳಿಯಂತೆ ಕಬ್ಬಿಣದ್ದೇ, ಅದೂ ಸವೆದಿರಬಹುದು. ಛತ್ತಿನೊಳಗೆ ಹಾದುಹೋಗುವ ವೈರಿನ ಎಂಸಿಬಿಯನ್ನು ಕೆಳಗೆ ಮಾಡಿಡಿ. ಸಡಿಲವಾಗಿ ನೇತಾಡುತ್ತಿರುವ ತುಂಡುಗಳನ್ನು, ಅವು ತಾವಾಗಿ ಬೀಳುವವರೆಗೆ ಕಾಯದೆ, ಉದ್ದನೆಯ ಕೋಲಿನಿಂದ ದೂರ ನಿಂತು ಬೀಳಿಸಿ.

ಹಲ್ಲೆ ಏಕೆ ಬಿತ್ತು ಎಂಬುದನ್ನು ತಿಳಿದರೆ ಗೌಂಡಿಯ ಮಾತನ್ನು ಏಕೆ ಒಪ್ಪಬಾರದೆಂಬುದೂ ತಿಳಿಯುತ್ತದೆ. ಹೊಸ ಕಾಂಕ್ರೀಟು ತೀವ್ರ ಕ್ಷಾರದ ಗುಣವುಳ್ಳದ್ದು, ಆ ಕ್ಷಾರದಲ್ಲಿ ಹುದುಗಿದ ಸಳಿಗೆ ತುಕ್ಕು ಹಿಡಿಯುವುದಿಲ್ಲ. ವರ್ಷಗಳು ಕಳೆದಂತೆ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಒಳಗಿಳಿದು ಕ್ಷಾರವನ್ನು ಕುಂದಿಸುತ್ತದೆ. ಅದರ ಜೊತೆಗೆ ನೀರೂ ಸಿಕ್ಕಿತೆಂದರೆ ತುಕ್ಕು ಶುರುವಾಗುತ್ತದೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಹೆಚ್ಚು ಜಾಗ ಬೇಡುತ್ತದೆ. ಆ ಉಬ್ಬರಕ್ಕೆ ಸಳಿಯ ಕೆಳಗಿನ ಕಾಂಕ್ರೀಟು ಮೊದಲು ಸಳಿಯ ಉದ್ದಕ್ಕೂ ಬಿರಿದು, ಆಮೇಲೆ ಹಲ್ಲೆಯಾಗಿ ಕಳಚುತ್ತದೆ. ಸಳಿಯ ಕೆಳಗೆ ಕನಿಷ್ಠ 20 ಮಿಲಿಮೀಟರ್ ಕಾಂಕ್ರೀಟು ಇರಬೇಕೆಂಬುದು ಸಾಮಾನ್ಯ ಮನೆಗಳಿಗೆ ಕಾಂಕ್ರೀಟಿನ ಭಾರತೀಯ ಮಾನದಂಡವಾದ ಐಎಸ್ 456 ಹೇಳುವ ಲೆಕ್ಕ. ಹಳೆಯ ಮನೆಗಳಲ್ಲಿ ಸೆಂಟ್ರಿಂಗ್ ಹಲಗೆಗೆ ತಾಗಿದಂತೆಯೇ ಸಳಿ ಇಟ್ಟು ಕಾಂಕ್ರೀಟು ಹಾಕಿದ್ದನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಈಗ ತುಕ್ಕನ್ನು ಹಾಗೆಯೇ ಬಿಟ್ಟು ಮೇಲೆ ಸಿಮೆಂಟು ಮೆತ್ತಿದರೆ ತುಕ್ಕು ತನ್ನ ಕೆಲಸ ಮುಂದುವರಿಸುತ್ತದೆ, ಅಷ್ಟೆ.

ಇನ್ನು ಮಾಳಿಗೆಗೆ ಹತ್ತೋಣ. ಬೆಳಗಾವಿಯ ಆ ಕಾಲದ ಬಹಳಷ್ಟು ಮನೆಗಳಲ್ಲಿ ಸ್ಲ್ಯಾಬಿನ ಮೇಲೆ ಕೋಬಾ, ಅಂದರೆ ಇಟ್ಟಿಗೆ ಚೂರನ್ನು ಗಾರೆಯಲ್ಲಿ ಕೂರಿಸಿದ ದಪ್ಪ ಪದರ, ಇರುತ್ತದೆ. ಕೋಬಾದಲ್ಲಿ ಒಂದು ಕಡೆ ಬಿರುಕು ಬಿಟ್ಟರೆ ನೀರು ಅಲ್ಲಿ ಇಳಿದು, ಕೋಬಾ ಮತ್ತು ಸ್ಲ್ಯಾಬಿನ ನಡುವೆ ಹತ್ತಾರು ಅಡಿ ಹರಿದು, ಸ್ಲ್ಯಾಬು ಎಲ್ಲಿ ಸಡಿಲವಿದೆಯೋ ಅಲ್ಲಿ ಕೆಳಗೆ ಬರುತ್ತದೆ. ಆದ್ದರಿಂದ ಕಲೆಯ ನೇರ ಮೇಲಿನ ಜಾಗವನ್ನು ಮಾತ್ರ ನೋಡಿ ಇಳಿದು ಬರಬೇಡಿ. ಮೊದಲು ನೋಡಬೇಕಾದುದು ಪ್ಯಾರಾಪೆಟ್ ಗೋಡೆ ಸ್ಲ್ಯಾಬಿಗೆ ಕೂಡುವ ಮೂಲೆ. ಮೂವತ್ತು ಅಡಿ ಉದ್ದದ ಸ್ಲ್ಯಾಬು ಮೂವತ್ತು ಡಿಗ್ರಿ ಬಿಸಿಯೇರಿದರೆ ಸುಮಾರು ಎರಡೂವರೆ ಮಿಲಿಮೀಟರ್ ಉದ್ದವಾಗುತ್ತದೆ, ತಣಿದಾಗ ಮತ್ತೆ ಕುಗ್ಗುತ್ತದೆ. ಮೇಲೆ ಕೂತ ಇಟ್ಟಿಗೆ ಗೋಡೆ ಅದೇ ಲೆಕ್ಕದಲ್ಲಿ ಹಿಗ್ಗಿ ಕುಗ್ಗುವುದಿಲ್ಲವಾದ್ದರಿಂದ ಇಬ್ಬರ ನಡುವಿನ ಗಾರೆ ಬಾಯಿ ಬಿಡುತ್ತದೆ. ಎರಡನೆಯದು ಮಳೆನೀರಿನ ಪೈಪಿನ ಬಾಯಿ. ಅಲ್ಲಿ ಎಲೆ, ಪಾಚಿ ಕಟ್ಟಿ ನೀರು ನಿಲ್ಲುತ್ತಿದೆಯೇ, ಪೈಪಿನ ಸುತ್ತಲಿನ ಗಾರೆ ಬಿಟ್ಟಿದೆಯೇ ನೋಡಿ. ಮೂರನೆಯದು ನಂತರದ ವರ್ಷಗಳಲ್ಲಿ ಹಾಕಿಸಿದ ಸೋಲಾರ್ ಹೀಟರಿನ ಕಾಲು, ಡಿಶ್‌ನ ಬೋಲ್ಟು, ಸಿಂಟೆಕ್ಸ್ ಟ್ಯಾಂಕಿನ ಕಟ್ಟೆ. ಕೋಬಾಕ್ಕೆ ಡ್ರಿಲ್ ಹೊಡೆದವರು ಆ ತೂತಿನ ಸುತ್ತ ನೀರು ತಡೆಯಲು ಏನನ್ನೂ ಹಚ್ಚದೆ ಹೋಗುವುದೇ ರೂಢಿ.

ಮಾಳಿಗೆಯಲ್ಲಿ ಎರಡು ಇಂಚು ನೀರು ನಿಲ್ಲಿಸಿ ಒಂದೆರಡು ದಿನ ನೋಡುವ ಪರೀಕ್ಷೆ ಹೊಸ ಸ್ಲ್ಯಾಬಿಗೆ ಒಳ್ಳೆಯದು, ನಿಮ್ಮ ಸ್ಲ್ಯಾಬಿಗೆ ಬೇಡ. ನೂರು ಚದರಡಿಯಲ್ಲಿ ಎರಡು ಇಂಚು ನೀರೆಂದರೆ ನಾಲ್ಕೂವರೆ ಕ್ವಿಂಟಲಿಗೂ ಹೆಚ್ಚು ಭಾರ. ಸಳಿ ಬತ್ತಲಾದ ಸ್ಲ್ಯಾಬಿನ ಮೇಲೆ ಅದನ್ನು ಹೇರಬಾರದು. ಬದಲಿಗೆ ಮಳೆಯಿಲ್ಲದ ದಿನ, ಕೆಳಗೆ ಕಲೆಯ ಅಂಚಿಗೆ ಪೆನ್ಸಿಲಿನಿಂದ ಗೆರೆ ಎಳೆದು ತಾರೀಖು ಬರೆದು, ಮೇಲೆ ಪೈಪಿನಿಂದ ಒಂದು ಮೂಲೆಗೆ ಒಂದು ಗಂಟೆ ನೀರು ಬಿಡಿ. ಕಲೆ ಗೆರೆ ದಾಟಲಿಲ್ಲವೆಂದರೆ ಮರುದಿನ ಇನ್ನೊಂದು ಮೂಲೆ. ನಾಲ್ಕೈದು ದಿನ ಹಿಡಿಯುವ ಬೇಸರದ ಕೆಲಸವಿದು, ಆದರೆ ಇಡೀ ಮಾಳಿಗೆಯ ದುರಸ್ತಿಯ ಖರ್ಚನ್ನು ಒಂದು ಮೂಲೆಯ ಖರ್ಚಿಗೆ ಇಳಿಸಬಲ್ಲದು.

ಜಾಗ ಸಿಕ್ಕ ಮೇಲೆ ಬಿರುಕನ್ನು ಅಗಲಿಸಿ, ಧೂಳು ಊದಿ ತೆಗೆದು, ಹಿಗ್ಗಿ ಕುಗ್ಗುವ ಪಿಯು (ಪಾಲಿಯುರಿಥೇನ್) ಅಥವಾ ಪಾಲಿಸಲ್ಫೈಡ್ ಸೀಲೆಂಟ್ ತುಂಬಿಸಿ; ಬರಿಯ ಸಿಮೆಂಟು ತುಂಬಿದರೆ ಮುಂದಿನ ಬೇಸಿಗೆಗೆ ಅದೇ ಬಿರುಕು ಅದೇ ಜಾಗದಲ್ಲಿ ಬಾಯಿ ಬಿಡುತ್ತದೆ. ಪ್ಯಾರಾಪೆಟ್ ಮೂಲೆಗೆ ಗುಂಡಗೆ ಗಾರೆಯ ಏಣು ಕಟ್ಟಿಸಿ, ಗೋಡೆಯ ಮೇಲೆ ಒಂದು ಅಡಿ ಏರುವಂತೆ ನಾರಿನ ಜಾಳಿಗೆಯೊಂದಿಗೆ ವಾಟರ್‌ಪ್ರೂಫಿಂಗ್ ಎರಡು ಕೋಟು ಹಾಕಿಸಿ, ಎರಡನೆಯದನ್ನು ಮೊದಲನೆಯದಕ್ಕೆ ಅಡ್ಡಲಾಗಿ. ಹಳೆಯ ಕೋಬಾದ ಮೇಲೆ ಹೊಸ ಕೋಬಾ ಹಾಕುತ್ತೇವೆಂದು ಯಾರಾದರೂ ಹೇಳಿದರೆ ಒಪ್ಪಬೇಡಿ; ನಾಲ್ಕು ಇಂಚಿನ ಕೋಬಾ ಪ್ರತಿ ಚದರಡಿಗೆ ಹದಿನೇಳು, ಹದಿನೆಂಟು ಕಿಲೋ ಭಾರ ಸೇರಿಸುತ್ತದೆ.

ಇದಾದ ಮೇಲೆ ಕಾಯಬೇಕು. ಬೆಳಗಾವಿಯ ಹವೆಯಲ್ಲಿ ದೀಪಾವಳಿಗೆ ಮೊದಲು ಛತ್ತು ಒಣಗಿತೆಂದು ನಾನು ನಂಬುವುದಿಲ್ಲ. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಛತ್ತಿಗೆ ನಾಲ್ಕೂ ಕಡೆ ಗಾಳಿಯಾಡದಂತೆ ಟೇಪು ಹಚ್ಚಿ ಅಂಟಿಸಿ, ಒಂದು ದಿನ ಬಿಟ್ಟು ನೋಡಿ. ಹಾಳೆಯ ಒಳಮೈ ಮೇಲೆ ನೀರಿನ ಹನಿಗಳು ಕೂತಿದ್ದರೆ ಇನ್ನೂ ಹಸಿಯಿದೆ ಎಂದರ್ಥ.

ಒಣಗಿದ ಮೇಲೆ ಸಣ್ಣ ಸುತ್ತಿಗೆಯಿಂದ ಛತ್ತನ್ನು ಗೇಣುಗೇಣಿಗೆ ತಟ್ಟುತ್ತ ಹೋಗಿ. ಗಟ್ಟಿಯಿದ್ದಲ್ಲಿ ಸಣ್ಣಗೆ ಕಣಕಣ ಎನ್ನುತ್ತದೆ, ಒಳಗೆ ಬಿಟ್ಟುಕೊಂಡಲ್ಲಿ ಖಾಲಿ ಡಬ್ಬಿಯಂತೆ ಡಬಡಬ ಎನ್ನುತ್ತದೆ. ಡಬಡಬ ಎಂದಲ್ಲೆಲ್ಲ ಸೀಮೆಸುಣ್ಣದ ಗುರುತು ಹಾಕಿ. ಗುರುತಿನ ವಿಸ್ತಾರ ಬಿದ್ದ ಹೊಂಡಕ್ಕಿಂತ ಎರಡು ಮೂರು ಪಟ್ಟು ದೊಡ್ಡದಾಗುವುದು ಸಾಮಾನ್ಯ, ಗಾಬರಿಯಾಗಬೇಡಿ. ಕೆಳಗೆ ಕಬ್ಬಿಣದ ಜಾಕುಗಳ ಆಸರೆ ಕೊಟ್ಟು, ಗುರುತಿನೊಳಗಿನದನ್ನೆಲ್ಲ ಕೆತ್ತಿಸಿ, ಸಳಿಯ ಹಿಂದೆ ಬೆರಳು ಹೋಗುವಷ್ಟು ಬಿಡಿಸಿ, ತಂತಿಯ ಬ್ರಷ್ಷಿನಿಂದ ಸಳಿ ಹೊಳೆಯುವವರೆಗೆ ತುಕ್ಕು ಉಜ್ಜಿಸಿ. ಯಾವುದೇ ಸಳಿ ಕಾಲು ಭಾಗದಷ್ಟು ಸವೆದಿದ್ದರೆ ಅದರ ಪಕ್ಕಕ್ಕೆ ಹೊಸ ಸಳಿ ಕಟ್ಟಬೇಕಾಗುತ್ತದೆ, ಎಷ್ಟು ಉದ್ದ ಕಟ್ಟಬೇಕೆಂಬುದನ್ನು ಸ್ಟ್ರಕ್ಚರಲ್ ಎಂಜಿನಿಯರ್ ಹೇಳಲಿ. ಆಮೇಲೆ ಸಳಿಗೆ ತುಕ್ಕುನಿರೋಧಕ ಲೇಪ, ಹಳೆಯ ಕಾಂಕ್ರೀಟಿಗೆ ಹಿಡಿತದ ಲೇಪ, ಅದರ ಮೇಲೆ ಪಾಲಿಮರ್ ಬೆರೆತ ಗಾರೆಯನ್ನು ಅರ್ಧರ್ಧ ಇಂಚಿನ ಪದರಗಳಲ್ಲಿ ಒತ್ತಿ ತುಂಬುವುದು, ಮತ್ತು ಏಳು ದಿನ ನೀರು ಸಿಂಪಡಿಸುವುದು. ಪಿಓಪಿಯನ್ನು (ಪ್ಲಾಸ್ಟರ್ ಆಫ್ ಪ್ಯಾರಿಸ್) ಸಳಿಯ ಹತ್ತಿರವೂ ಸುಳಿಯಗೊಡಬೇಡಿ, ಅದರಲ್ಲಿ ಸಳಿಯನ್ನು ಕಾಯುವ ಕ್ಷಾರವಿಲ್ಲ.

ಸ್ಲ್ಯಾಬು ನಡುವೆ ಜೋತುಬಿದ್ದಿದ್ದರೆ, ಬೀಮಿನ ಉದ್ದಕ್ಕೂ ಬಿರುಕಿದ್ದರೆ, ಅಥವಾ ಬೇರೆ ಕೋಣೆಗಳಲ್ಲಿಯೂ ಡಬಡಬ ಸದ್ದು ಕೇಳಿದರೆ ಮೇಲಿನದನ್ನೆಲ್ಲ ಬದಿಗಿಟ್ಟು ಮೊದಲು ಎಂಜಿನಿಯರನ್ನು ಕರೆಸಿ.

ಪ್ರಶ್ನೆ: ಮನೆ ಪಾಲಾಗಿ ಅಣ್ಣನವರು ಮೇಲಿನ ಮಹಡಿಯಲ್ಲಿಯೂ ನಾವು ಕೆಳಗೂ ಇದ್ದೇವೆ. ಅವರ ಬಚ್ಚಲಿನ ಕೆಳಗೆ ನಮ್ಮ ಅಡುಗೆಮನೆಯ ಛತ್ತು ಬೇಸಿಗೆಯಲ್ಲಿಯೂ ಹಸಿಯಾಗಿರುತ್ತದೆ, ಬಿಳಿ ಸುಣ್ಣದಂಥ ಹನಿಗಳು ಗಟ್ಟಿಯಾಗಿ ಇಳಿಬಿದ್ದಿವೆ. ಅಣ್ಣನವರು ತಮ್ಮ ಬಚ್ಚಲಿನದಲ್ಲ, ಮಳೆಯದು ಎನ್ನುತ್ತಾರೆ. ಮಾತು ಬೆಳೆಯುವ ಮೊದಲು ತಿಳಿಯುವ ಉಪಾಯವಿದೆಯೇ?
ಓದುಗರೊಬ್ಬರು, ನವನಗರ, ಬಾಗಲಕೋಟೆ

ಉತ್ತರ: ಬಾಗಲಕೋಟೆಯಲ್ಲಿ ಏಪ್ರಿಲ್, ಮೇ ತಿಂಗಳಲ್ಲಿಯೂ ಹಸಿಯಾಗಿರುವ ಛತ್ತು ಮಳೆಯದಾಗಿರುವುದು ಕಷ್ಟ. ನೀವು ಬರೆದ ಬಿಳಿ ಹನಿ ಸ್ಲ್ಯಾಬಿನ ಸಿಮೆಂಟಿನೊಳಗಿನ ಸುಣ್ಣವೇ. ನೀರು ಅದನ್ನು ಕರಗಿಸಿಕೊಂಡು ಕೆಳಗೆ ತಂದು, ಗಾಳಿ ತಾಗಿ ಅಲ್ಲಿಯೇ ಗಟ್ಟಿಯಾಗಿದೆ. ನೀರು ಸ್ಲ್ಯಾಬಿನ ಮೈಯೊಳಗಿಂದ ಬಹುಕಾಲದಿಂದ ಹಾದುಬರುತ್ತಿದೆ ಎಂಬುದಕ್ಕೆ ಅದೇ ಸಾಕ್ಷಿ. ನವನಗರ ಆಲಮಟ್ಟಿಯ ಹಿನ್ನೀರಿಗಾಗಿ ಊರು ಬಿಟ್ಟವರಿಗೆಂದು ಎದ್ದ ಬಡಾವಣೆ. ಕೆಳಮನೆಯೊಂದನ್ನೇ ಮೊದಲು ಕಟ್ಟಿ, ಕುಟುಂಬ ಬೆಳೆದ ಹಾಗೆ ಮೇಲೊಂದು ಮಹಡಿ ಏರಿಸಿದ ಮನೆಗಳಲ್ಲಿ, ಮಾಳಿಗೆಯೆಂದು ಹಾಕಿದ್ದ ಸ್ಲ್ಯಾಬಿನ ಮೇಲೆಯೇ ಬಚ್ಚಲು ಬಂದಿರುತ್ತದೆ. ನಿಮ್ಮದೂ ಹಾಗಿರಬಹುದು.

ಪರೀಕ್ಷೆಯನ್ನು ಅಣ್ಣನವರನ್ನು ಕೂಡಿಸಿಕೊಂಡೇ ಮಾಡಿ, ಕಾಣುವುದನ್ನು ಇಬ್ಬರೂ ಒಟ್ಟಿಗೆ ಕಂಡರೆ ವಾದಕ್ಕೆ ಎಡೆಯಿರುವುದಿಲ್ಲ. ಮೊದಲ ರಾತ್ರಿ ಮೇಲ್ಮನೆಯ ಎಲ್ಲ ನಲ್ಲಿಗಳನ್ನೂ ಮುಚ್ಚಿ, ಟ್ಯಾಂಕಿಗೆ ನೀರೇರಿಸದೆ, ಅದರ ನೀರಿನ ಮಟ್ಟಕ್ಕೆ ಗುರುತು ಹಾಕಿ. ಬೆಳಗ್ಗೆ ಮಟ್ಟ ಇಳಿದಿದ್ದರೆ ಗೋಡೆಯೊಳಗಿನ ನೀರಿನ ಪೈಪು ಒಡೆದಿದೆ. ಇಳಿಯದಿದ್ದರೆ, ಬಚ್ಚಲಿನ ನಹಾನಿ ಟ್ರ್ಯಾಪಿನ, ಅಂದರೆ ನೆಲದ ನೀರು ಹೊರಹೋಗುವ ಜಾಲಿಯ, ಬಾಯಿಗೆ ಬಟ್ಟೆ ತುರುಕಿ ಮುಚ್ಚಿ, ನೆಲದ ಮೇಲೆ ಒಂದು ಇಂಚು ನೀರು ನಿಲ್ಲಿಸಿ, ಬಟ್ಟೆಗೆ ಹಾಕುವ ನೀಲಿಯನ್ನು ಕದಡಿ ಒಂದು ಹಗಲು ಒಂದು ರಾತ್ರಿ ಬಿಡಿ. ಕೆಳಗೆ ಹಸಿ ಹೆಚ್ಚಿದರೆ ನೆಲದ ಟೈಲ್ಸಿನ ಸಂದು ಅಥವಾ ಗೋಡೆಯ ಬುಡದ್ದು. ನೀಲಿ ಬಣ್ಣವೇ ಕಾಣಬೇಕೆಂದಿಲ್ಲ, ದಪ್ಪ ಕಾಂಕ್ರೀಟು ಅದನ್ನು ಸೋಸಿಬಿಡಬಹುದು. ನಿಂತ ನೀರಿಗೆ ಏನೂ ಆಗದೆ, ಟ್ರ್ಯಾಪ್ ಬಿಚ್ಚಿ ನಾಲ್ಕು ಬಕೆಟ್ ಸುರಿದಾಗ ಮಾತ್ರ ಕೆಳಗೆ ಹಸಿಯಾದರೆ ತಪ್ಪು ಟ್ರ್ಯಾಪಿನದು ಅಥವಾ ಅದರ ಕೆಳಗಿನ ಪೈಪಿನದು. ಅಲ್ಲಿಗೂ ಏನೂ ಸಿಗದಿದ್ದರೆ ಕಮೋಡಿನ ಪೈಪು ಉಳಿಯುತ್ತದೆ.

ಟೈಲ್ಸಿನ ಸಂದಾಗಿದ್ದರೆ ನಿಮ್ಮ ಅದೃಷ್ಟ, ಹಳೆಯ ಗಾರೆ ಕೆರೆದು ಎಪಾಕ್ಸಿ ತುಂಬಿದರೆ ಒಂದೆರಡು ದಿನದ ಕೆಲಸ. ಟ್ರ್ಯಾಪಿನದಾದರೆ ಅದರ ಸುತ್ತ ನೆಲ ಒಡೆಯದೆ ದಾರಿಯಿಲ್ಲ, ಕೆಳಗಿನಿಂದ ಇಂಜೆಕ್ಷನ್ ಕೊಟ್ಟು ನಿಲ್ಲಿಸುತ್ತೇವೆ ಎನ್ನುವವರಿದ್ದಾರೆ. ಅದು ನೀರನ್ನು ಬೇರೆ ಕಡೆಗೆ ತಿರುಗಿಸುವುದನ್ನೇ ನಾನು ಹೆಚ್ಚು ಕಂಡಿದ್ದೇನೆ. ನಿಮ್ಮ ಅಡುಗೆಮನೆಯ ಛತ್ತಿಗೆ ಅಲ್ಲಿಯವರೆಗೆ ಏನನ್ನೂ ಹಚ್ಚಬೇಡಿ.

ಪ್ರಶ್ನೆ: ಅಜ್ಜನ ಕಾಲದ ಮೇಲ್ಮುದ್ದಿ ಮನೆ, ಜಂತಿಗಳ ಮೇಲೆ ಮಣ್ಣು ಹಾಕಿದ ಮಾಳಿಗೆಯದು. ಎರಡು ವರ್ಷಗಳಿಂದ ಹಸ್ತದ ಮಳೆಗೆ ಒಳಗೆ ಮೂರು ಕಡೆ ಬುಟ್ಟಿ ಇಡಬೇಕಾಗಿದೆ, ಜಂತಿಗಳ ನಡುವಿನಿಂದ ಕೆಸರು ನೀರು ಇಳಿಯುತ್ತದೆ. ಮಣ್ಣಿನ ಮೇಲೆ ಎರಡು ಇಂಚು ಕಾಂಕ್ರೀಟು ಹಾಕಿಸಿಬಿಡಿ ಎನ್ನುತ್ತಾರೆ ಊರವರು. ಹಾಕಿಸಲೇ?
ಓದುಗರೊಬ್ಬರು, ಇಂಡಿ ತಾಲ್ಲೂಕು, ವಿಜಯಪುರ ಜಿಲ್ಲೆ

ಉತ್ತರ: ಬೇಡ. ಲೆಕ್ಕ ಹಾಕಿ ನೋಡಿ. ಹತ್ತು ಅಡಿಗೆ ಹನ್ನೆರಡು ಅಡಿಯ ಕೋಣೆಯ ಮೇಲೆ ಒಂದು ಅಡಿ ಮಣ್ಣಿದ್ದರೆ ಒಣಗಿದಾಗಲೇ ಐದು ಟನ್ನಿಗೂ ಹೆಚ್ಚು ಭಾರ, ನೆನೆದಾಗ ಇನ್ನೂ ಹೆಚ್ಚು. ಅದರ ಮೇಲೆ ಎರಡು ಇಂಚು ಕಾಂಕ್ರೀಟೆಂದರೆ ಇನ್ನೊಂದು ಟನ್ನಿಗೂ ಮಿಕ್ಕಿ. ಮಣ್ಣು ನೆನೆದು ಉಬ್ಬಿ, ಒಣಗಿ ಕುಗ್ಗುವುದರಿಂದ ಅದರ ಮೇಲಿನ ಕಾಂಕ್ರೀಟು ಒಂದೇ ವರ್ಷದಲ್ಲಿ ಬಿರಿಯುತ್ತದೆ, ಬಿರುಕಿನಿಂದ ಇಳಿದ ನೀರು ಮೇಲಕ್ಕೆ ಆರಲಾರದೆ ಜಂತಿಯನ್ನೇ ಹಿಡಿದು ಕೂರುತ್ತದೆ. ನಿಮ್ಮ ಅಜ್ಜನವರ ಮನೆ ಇಷ್ಟು ಕಾಲ ನಿಂತದ್ದು ಮಣ್ಣು ಬೇಸಿಗೆಯಲ್ಲಿ ಪೂರ್ತಿ ಆರುತ್ತಿದ್ದುದರಿಂದ.

ಮೊದಲು ಒಳಗಿನಿಂದ ಜಂತಿ, ತೊಲೆಗಳನ್ನು ನೋಡಿ, ಅದರಲ್ಲಿಯೂ ಗೋಡೆಯೊಳಗೆ ಹೊಕ್ಕ ತುದಿಗಳನ್ನು. ಗೆದ್ದಲು ಮತ್ತು ಕೊಳೆತ ಶುರುವಾಗುವುದು ಅಲ್ಲಿ. ಸ್ಕ್ರೂಡ್ರೈವರಿನಿಂದ ಚುಚ್ಚಿದರೆ ಅರ್ಧ ಇಂಚು ಸಲೀಸಾಗಿ ಇಳಿಯುವ ಜಂತಿಯನ್ನು ಕೆಳಗೆ ಆಸರೆ ಕೊಟ್ಟು, ಮೇಲಿನ ಮಣ್ಣಿನ ಭಾರ ಇಳಿಸಿ, ಒಂದೊಂದಾಗಿ ಬದಲಿಸಬೇಕು.

ಆಮೇಲೆ ಮೇಲ್ಮುದ್ದಿಯ ಅಂಚಿನಲ್ಲಿ ಒಂದು ಕಡೆ ಅಗೆದು ಮಣ್ಣಿನ ದಪ್ಪ ಅಳೆಯಿರಿ. ಸೋರಿದಾಗಲೆಲ್ಲ ಒಂದು ಗಾಡಿ ಮಣ್ಣು ಹಾಕುತ್ತ ಬಂದ ಮನೆಗಳಲ್ಲಿ ಒಂದೂವರೆ ಅಡಿಯೂ ಇರುವುದುಂಟು. ಹೆಚ್ಚಾದುದನ್ನು ತೆಗೆಸಿ, ಇಲಿಬಿಲ, ಹುಲ್ಲಿನ ಬೇರು ಸ್ವಚ್ಛ ಮಾಡಿಸಿ, ನೀರು ಬೀಳುವ ಕಡೆಗೆ ಹತ್ತು ಅಡಿಗೆ ಎರಡು ಇಂಚಿನಷ್ಟಾದರೂ ಇಳಿಜಾರು ಕೊಟ್ಟು, ಮೇಲಿನ ನಾಲ್ಕು ಬೆರಳು ದಪ್ಪಕ್ಕೆ ಸವುಳು (ಕ್ಷಾರದ) ಮಣ್ಣನ್ನು ಹದವಾಗಿ ನೆನೆಸಿ ಬಡಿದು ಕೂರಿಸಿ. ಸವುಳಿನಲ್ಲಿರುವ ಸೋಡಿಯಂ ಜೇಡಿಯ ಕಣಗಳನ್ನು ಬಿಡಿಬಿಡಿಯಾಗಿಸುತ್ತದೆ. ನೆನೆದಾಗ ಆ ಸಣ್ಣ ಕಣಗಳು ಮಣ್ಣಿನ ರಂಧ್ರಗಳಲ್ಲಿ ಕೂತು ನೀರಿನ ದಾರಿ ಕಟ್ಟುತ್ತವೆ. ಹೊಲಕ್ಕೆ ಶಾಪವಾದ ಆ ಗುಣವನ್ನೇ ನಮ್ಮ ಕಡೆಯವರು ಮನೆಗೆ ವರವಾಗಿಸಿಕೊಂಡಿದ್ದರು. ಈ ಕೆಲಸ ಮೃಗಶಿರಾ ಮಳೆಗೆ ಮೊದಲೇ ಮುಗಿಯಬೇಕು, ಪ್ರತಿ ವರ್ಷ ಒಮ್ಮೆ ತೇಪೆಯೂ ಬೇಕು. ನೀರು ಹೊರಬೀಳುವ ಕೊಳವೆ ಗೋಡೆಯಿಂದ ಎರಡು ಅಡಿಯಾದರೂ ಮುಂದೆ ಚಾಚಿರಲಿ, ಇಲ್ಲವಾದರೆ ಛತ್ತು ಉಳಿದು ಮಣ್ಣಿನ ಗೋಡೆ ಕುಸಿದೀತು. ಈ ಮಳೆಗಾಲ ದಾಟಿಸಲು ತಾಡಪತ್ರಿ ಹೊದಿಸಬಹುದು, ಆದರೆ ಮಳೆ ನಿಂತು ಬಿಸಿಲು ಬಿದ್ದ ದಿನ ಅದನ್ನು ಮಡಚಿಡಲೇಬೇಕು.

ಪ್ರಶ್ನೆ: ಫ್ಲ್ಯಾಟಿನ ಜಿಪ್ಸಮ್ ಬೋರ್ಡಿನ ಫಾಲ್ಸ್ ಸೀಲಿಂಗ್ ನಿನ್ನೆಯಿಂದ ಹೊಟ್ಟೆಯಂತೆ ಕೆಳಗೆ ಉಬ್ಬಿದೆ, ದೀಪದ ಪಕ್ಕದಲ್ಲಿ ಹನಿ ತೊಟ್ಟಿಕ್ಕುತ್ತಿದೆ. ಒಣಗಿದರೆ ಸರಿಹೋಗುವುದೇ?
ಓದುಗರೊಬ್ಬರು, ಸದಾಶಿವನಗರ, ಬೆಳಗಾವಿ

ಉತ್ತರ: ಹೋಗುವುದಿಲ್ಲ, ನೆನೆದು ಬಾಗಿದ ಬೋರ್ಡು ಮತ್ತೆ ನೆಟ್ಟಗಾಗದು. ಆ ಕೋಣೆಯ ವಿದ್ಯುತ್ತನ್ನು ಮೇನ್‌ನಲ್ಲಿಯೇ ಬಂದ್ ಮಾಡಿ, ಸಾಮಾನು ಸರಿಸಿ, ಉಬ್ಬಿನ ಅತಿ ಕೆಳಗಿನ ಬಿಂದುವಿನ ಅಡಿಯಲ್ಲಿ ಬಕೆಟ್ ಇಟ್ಟು, ಪಕ್ಕಕ್ಕೆ ನಿಂತು ಸ್ಕ್ರೂಡ್ರೈವರಿನಿಂದ ಸಣ್ಣ ತೂತು ಮಾಡಿ. ಮೇಲೆ ನಿಂತ ನೀರು ಹರಿದುಹೋದರೆ ಇಡೀ ಹಾಳೆ ಫ್ರೇಮಿನಿಂದ ಕಿತ್ತು ಬೀಳುವುದು ತಪ್ಪುತ್ತದೆ. ಆಮೇಲೆ ನೆನೆದ ಭಾಗವನ್ನು ಚೌಕವಾಗಿ ಕತ್ತರಿಸಿ ತೆಗೆಸಿ, ಒಳಗೆ ಟಾರ್ಚು ಬಿಟ್ಟು ಮೇಲಿನ ಸ್ಲ್ಯಾಬನ್ನೂ ಎಸಿಯ ನೀರಿನ ಪೈಪನ್ನೂ ನೋಡಿ. ಕಾರಣ ಸಿಕ್ಕಿ, ಒಳಗೆಲ್ಲ ಒಣಗುವವರೆಗೆ ಆ ಚೌಕ ತೆರೆದೇ ಇರಲಿ; ಬೇಗ ಮುಚ್ಚಿದರೆ ಒಳಗೆ ಬೂಷ್ಟು ಬೆಳೆಯುತ್ತದೆ.

ಪ್ರಶ್ನೆ: ಸೋರಿಕೆ ನಿಲ್ಲಿಸಿ ಒಂದು ವರ್ಷವಾಯಿತು, ಛತ್ತು ಗಟ್ಟಿಯಿದೆ. ಆದರೆ ಹಳೆಯ ಕಂದು ಕಲೆ ಮೂರು ಸಲ ಡಿಸ್ಟೆಂಪರ್ ಹೊಡೆಸಿದರೂ ಮತ್ತೆ ಮೇಲೆ ಬರುತ್ತದೆ. ಮುಂದಿನ ತಿಂಗಳು ಮಗಳ ನಿಶ್ಚಯವಿದೆ.
ಓದುಗರೊಬ್ಬರು, ಇಳಕಲ್ಲ, ಬಾಗಲಕೋಟೆ ಜಿಲ್ಲೆ

ಉತ್ತರ: ಡಿಸ್ಟೆಂಪರಿನಲ್ಲಿರುವ ನೀರೇ ಒಣಗಿದ ಕಲೆಯನ್ನು ಕರಗಿಸಿ ಪ್ರತಿ ಸಲ ಮೇಲೆ ತರುತ್ತದೆ, ಹತ್ತು ಕೋಟು ಹೊಡೆದರೂ ಹಾಗೆಯೇ. ಮೊದಲು ಮೇಲೆ ಹೇಳಿದ ಪ್ಲಾಸ್ಟಿಕ್ ಹಾಳೆಯ ಪರೀಕ್ಷೆ ಮಾಡಿ ಹಸಿ ಇಲ್ಲವೆಂದು ಖಚಿತಪಡಿಸಿಕೊಳ್ಳಿ. ಕಲೆಯ ಮೇಲಿನ ಹಳೆಯ ಡಿಸ್ಟೆಂಪರನ್ನು ಕೆರೆದು, ಕಲೆಯ ಅಂಚಿನಿಂದ ಒಂದು ಗೇಣು ಆಚೆಯವರೆಗೆ ಎಣ್ಣೆ ಆಧಾರಿತ ಪ್ರೈಮರ್ ಹಚ್ಚಿಸಿ, ಕಿಟಕಿಗಳನ್ನು ತೆರೆದಿಡಿ, ವಾಸನೆ ಜೋರಿರುತ್ತದೆ. ಒಂದು ದಿನ ಬಿಟ್ಟು ನೋಡಿ. ಕಲೆ ಮಸುಕಾಗಿಯಾದರೂ ಕಂಡರೆ ಪ್ರೈಮರಿನ ಇನ್ನೊಂದು ಕೋಟು, ಕಾಣದಿದ್ದರೆ ಅದರ ಮೇಲೆ ಡಿಸ್ಟೆಂಪರ್. ತೇಪೆ ಎದ್ದು ಕಾಣಬಾರದೆಂದರೆ ಕೊನೆಯ ಕೋಟನ್ನು ಇಡೀ ಛತ್ತಿಗೆ ಹೊಡೆಸಿ. ಇವೆಲ್ಲ ಒಂದು ವಾರದ ಕೆಲಸ, ನಿಶ್ಚಯಕ್ಕೆ ಸಾಕಷ್ಟು ಸಮಯವಿದೆ.